ಹೊಟ್ಟೆ ತುಂಬಿದರೆ ಸಾಲದು, ಹುಲ್ಲು ಕರಗಬೇಕು: ದನದ ಜೀರ್ಣಕ್ರಿಯೆಯಲ್ಲಿ ಲವಣ ಮಿಶ್ರಣದ ಕೆಲಸ

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ವರ್ಷದ ಹೆಚ್ಚು ದಿನ ಗೋದಲಿಗೆ ಬೀಳುವುದು ಭತ್ತದ ಹುಲ್ಲು ಮತ್ತು ಕಬ್ಬಿನ ಸೋಗೆ. ನಾಗಮಂಗಲದ ಕಡೆಯ, ಎಚ್.ಡಿ. ಕೋಟೆಯ ಬೆದ್ದಲು ಊರುಗಳಲ್ಲಿ ರಾಗಿ ಹುಲ್ಲು, ಜೋಳದ ಕಡ್ಡಿ. ಎರಡೂ ಕಡೆ ದನ ಸಾಕುವವರು ಹೇಳುವ ಮಾತು ಒಂದೇ: ಹೊಟ್ಟೆ ಬಿರಿಯ ತಿನ್ನುತ್ತದೆ, ಮೈಗೆ ಹತ್ತುವುದಿಲ್ಲ. ಜಾತ್ರೆಗೆ ಬೆಳೆಸುವ ಹಳ್ಳಿಕಾರ್ ಹೋರಿಯ ಪಕ್ಕೆಲುಬು ಕಾಣುತ್ತದೆ, ಉಳುವ ಎತ್ತು ಬೇಗ ಬಸವಳಿಯುತ್ತದೆ, ಕಡಸು ಎರಡೂವರೆ ವರ್ಷವಾದರೂ ಬೆದೆಗೆ ಬರುವುದಿಲ್ಲ. ಆಗ ಮನೆಗೆ ಬರುವುದು ಸಾಮಾನ್ಯವಾಗಿ ಕ್ಯಾಲ್ಸಿಯಂ ಬಾಟಲಿ. ಕೊಟ್ಟಿಗೆಯಲ್ಲಿ ನಿಜವಾಗಿ ಕೊರತೆಯಿರುವುದು ಕ್ಯಾಲ್ಸಿಯಮ್ಮೋ, ರಂಜಕವೋ, ಬರೀ ಉಪ್ಪೋ ಎಂದು ನೋಡದೆ ತರುವ ಬಾಟಲಿ ಅದು. ಯಾವ ಲವಣ, ಅಂದರೆ ಯಾವ ಖನಿಜ, ಬೇಕು ಎಂಬುದನ್ನು ಗೋದಲಿಯಲ್ಲಿರುವ ಮೇವು ನೋಡಿ ತೀರ್ಮಾನಿಸಬೇಕು. ಅದಕ್ಕೆ ಹುಲ್ಲು ಹೊಟ್ಟೆಯೊಳಗೆ ಹೇಗೆ ಕರಗುತ್ತದೆ ಎಂಬುದು ತಿಳಿದಿರಬೇಕು.

ಹುಲ್ಲನ್ನು ಕರಗಿಸುವವರು ಯಾರು?

ಹುಲ್ಲಿನ ನಾರನ್ನು ಒಡೆಯುವ ರಸ ದನದ ಮೈಯಲ್ಲಿ ಹುಟ್ಟುವುದೇ ಇಲ್ಲ. ಆ ಕೆಲಸವನ್ನು ಮಾಡುವುದು ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಮೆಲುಕು ಚೀಲದಲ್ಲಿ ಬದುಕುವ ಸೂಕ್ಷ್ಮಾಣುಗಳು: ಬ್ಯಾಕ್ಟೀರಿಯಾ, ಏಕಕೋಶ ಜೀವಿಗಳು, ಶಿಲೀಂಧ್ರಗಳು. ದೋಸೆ ಹಿಟ್ಟು ಹುಳಿಯುವ ಪಾತ್ರೆಯ ಹಾಗೆ ಆ ಚೀಲ ಸದಾ ಹುಳಿಯುತ್ತಿರುತ್ತದೆ. ಒಳಗಿನ ಬಿಸಿ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಗಾಳಿ ಇಲ್ಲ, ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6ರಿಂದ 7ರ ನಡುವೆ. ಸೂಕ್ಷ್ಮಾಣುಗಳು ನಾರನ್ನು ಒಡೆದು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ಬಿಡುತ್ತವೆ. ಇವು ಚೀಲದ ಗೋಡೆಯ ಮೂಲಕ ರಕ್ತ ಸೇರುತ್ತವೆ. ದನಕ್ಕೆ ಸಿಗುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಇವುಗಳಿಂದಲೇ. ಆಮೇಲೆ ಆ ಸೂಕ್ಷ್ಮಾಣುಗಳೇ ಮುಂದಿನ ಕೋಣೆಗೆ ಹರಿದು ಹೋಗಿ, ಅಲ್ಲಿ ಜೀರ್ಣವಾಗಿ, ದನಕ್ಕೆ ಪ್ರೋಟೀನ್ ಆಗುತ್ತವೆ.

ಹೀಗಾಗಿ ನಾವು ಹಾಕುವ ಲವಣ ಮೊದಲು ಸಿಗುವುದು ದನಕ್ಕಲ್ಲ, ಈ ಸೂಕ್ಷ್ಮಾಣುಗಳಿಗೆ. ಅವುಗಳಿಗೆ ಒಂದು ಖನಿಜ ಕಡಿಮೆಯಾದರೂ ಹೆಚ್ಚುವ ವೇಗ ತಗ್ಗುತ್ತದೆ, ನಾರು ಒಡೆಯುವುದು ನಿಧಾನವಾಗುತ್ತದೆ. ಭತ್ತದ ಹುಲ್ಲಿನಂಥ ಒರಟು ಮೇವು ಮೆಲುಕು ಚೀಲದಲ್ಲಿ ಎರಡು ಮೂರು ದಿನ ಉಳಿಯುತ್ತದೆ. ಒಡೆದು ಸಣ್ಣದಾಗುವ ತನಕ ಮುಂದಿನ ಕೋಣೆಗೆ ಇಳಿಯುವುದಿಲ್ಲ. ಒಳಗಿನದು ಇಳಿಯದಿದ್ದರೆ ಹೊಸದಕ್ಕೆ ಜಾಗವಿಲ್ಲ. ಆಗ ದನ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಹೊಟ್ಟೆ ಡೊಳ್ಳಾಗಿ ಮೈ ಮಾತ್ರ ಸೊರಗಿದ ದನವನ್ನು ಕಂಡರೆ ಒಳಗೆ ನಡೆಯುತ್ತಿರುವುದು ಹೆಚ್ಚಾಗಿ ಇದೇ. ಕೊರತೆ ಇದ್ದ ದನಕ್ಕೆ ಲವಣ ಕೊಟ್ಟಾಗ ಮೊದಲು ಕಾಣುವ ಬದಲಾವಣೆಯೂ ಅದಕ್ಕೇ ಹಸಿವು ಹೆಚ್ಚುವುದು. ಮೈ ತುಂಬುವುದು ಅದಾದ ಮೇಲಿನ ಮಾತು.

ಒಂದು ಮಾತನ್ನು ಇಲ್ಲೇ ಗಟ್ಟಿಯಾಗಿ ಹೇಳಬೇಕು. ಸೂಕ್ಷ್ಮಾಣುಗಳಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಸಾರಜನಕ, ಅಂದರೆ ಮೇವಿನ ಪ್ರೋಟೀನ್. ತಿನ್ನುವ ಒಣಪದಾರ್ಥದಲ್ಲಿ (ಮೇವಿನ ನೀರಿನಂಶ ಕಳೆದು ಉಳಿದದ್ದರಲ್ಲಿ) ಕಚ್ಚಾ ಪ್ರೋಟೀನ್ ಶೇ 7ಕ್ಕಿಂತ ಕೆಳಗಿಳಿದರೆ ನಾರು ಒಡೆಯುವ ಬ್ಯಾಕ್ಟೀರಿಯಾ ಸೊರಗುತ್ತವೆ. ಭತ್ತದ ಹುಲ್ಲಿನಲ್ಲಿರುವುದು ಶೇ 3ರಿಂದ 4 ಮಾತ್ರ. ಬರೀ ಹುಲ್ಲು ತಿನ್ನುವ ಎತ್ತಿಗೆ ಎಷ್ಟೇ ಬೆಲೆಯ ಲವಣ ಮಿಶ್ರಣ ಕೊಟ್ಟರೂ ಜೀರ್ಣ ಸುಧಾರಿಸುವುದಿಲ್ಲ. 300 ಕಿಲೋ ತೂಕದ ಹೋರಿ 6 ಕಿಲೋ ಹುಲ್ಲು ತಿಂದರೆ ಸಿಗುವ ಪ್ರೋಟೀನ್ ಸುಮಾರು 200 ಗ್ರಾಂ. ಅದರ ಜೊತೆ ಒಂದು ಕಿಲೋ ಕಡಲೆಕಾಯಿ ಹಿಂಡಿ ಬಿದ್ದರೆ ಇನ್ನೂ 400 ಗ್ರಾಂ ಸೇರುತ್ತದೆ, ಒಟ್ಟು ಮೇವು ಶೇ 7ನ್ನು ಸಲೀಸಾಗಿ ದಾಟುತ್ತದೆ. ಹಿಂಡಿ ದುಬಾರಿ ಎನ್ನುವವರಿಗೆ ಹಲಸಂದೆ ಬಳ್ಳಿ, ಅಗಸೆ ಸೊಪ್ಪು, ಬೇಲಿಯ ಗ್ಲಿರಿಸಿಡಿಯಾ ಇವೆ. ಲವಣದ ಲೆಕ್ಕ ಇದಾದ ಮೇಲೆ.

ರಂಜಕ, ಗಂಧಕ, ಉಪ್ಪು

ಜೀರ್ಣಕ್ಕೆ ನೇರವಾಗಿ ತಗಲುವ ಖನಿಜಗಳು ಕೆಲವೇ. ಅವುಗಳಲ್ಲಿ ಮೊದಲನೆಯದು ರಂಜಕ. ಪ್ರತಿ ಸೂಕ್ಷ್ಮಾಣುವಿನ ವಂಶವಾಹಿಯಲ್ಲೂ ಅದು ಶಕ್ತಿಯನ್ನು ಹಿಡಿದಿಡುವ ವಸ್ತುವಿನಲ್ಲೂ ರಂಜಕವಿದೆ. ಅದಿಲ್ಲದೆ ಒಂದು ಎರಡಾಗುವುದು ಸಾಧ್ಯವಿಲ್ಲ. ದನ ತನ್ನ ಜೊಲ್ಲಿನ ಮೂಲಕ ರಂಜಕವನ್ನು ಮತ್ತೆ ಮತ್ತೆ ಮೆಲುಕು ಚೀಲಕ್ಕೆ ಹಿಂದಿರುಗಿಸುತ್ತದೆ. ಮೂಳೆಯಲ್ಲಿರುವ ದಾಸ್ತಾನಿನಿಂದಲೂ ಕೆಲವು ಕಾಲ ತೂಗಿಸುತ್ತದೆ. ಹಾಗಾಗಿ ಕೊರತೆ ಕೂಡಲೇ ಹೊರಗೆ ಕಾಣುವುದಿಲ್ಲ. ತಿಂಗಳುಗಟ್ಟಲೆ ಹೀಗೇ ನಡೆದ ಮೇಲೆ ಹಸಿವು ಕುಂದುತ್ತದೆ, ದನ ಮಣ್ಣು, ಬಟ್ಟೆ, ಹಗ್ಗ, ಚಪ್ಪಲಿ, ಮೂಳೆ ನೆಕ್ಕಲು, ಜಗಿಯಲು ಶುರುಮಾಡುತ್ತದೆ. ಮೂಳೆ ಜಗಿಯುವುದು ಸಣ್ಣ ವಿಷಯವಲ್ಲ. ಕೊಳೆತ ಮಾಂಸ ಅಂಟಿದ ಮೂಳೆಯಿಂದ ಬಾಟುಲಿಸಂ ಎಂಬ ಮಾರಕ ವಿಷ ಏರಬಹುದು.

ಎರಡನೆಯದು ಗಂಧಕ. ಮೆಥಿಯೋನಿನ್, ಸಿಸ್ಟೀನ್ ಎಂಬ ಅಮೈನೋ ಆಮ್ಲಗಳನ್ನು ಕಟ್ಟಲು ಸೂಕ್ಷ್ಮಾಣುಗಳಿಗೆ ಗಂಧಕ ಬೇಕೇ ಬೇಕು. ಹಿಂಡಿ ತಿನ್ನುವ ದನಕ್ಕೆ ಹಿಂಡಿಯ ಪ್ರೋಟೀನಿನ ಜೊತೆಗೇ ಅದು ಸಿಗುತ್ತದೆ. ಯೂರಿಯಾದಿಂದ ಉಪಚರಿಸಿದ ಹುಲ್ಲು ಅಥವಾ ಯೂರಿಯಾ-ಕಾಕಂಬಿ ಇಟ್ಟಿಗೆ ಕೊಡುವವರು ಇಲ್ಲಿ ಎಚ್ಚರವಾಗಿರಬೇಕು. ಯೂರಿಯಾದಲ್ಲಿ ಸಾರಜನಕವಿದೆ, ಗಂಧಕವಿಲ್ಲ. 10ರಿಂದ 12 ಪಾಲು ಸಾರಜನಕಕ್ಕೆ ಒಂದು ಪಾಲು ಗಂಧಕ ಎಂಬ ಲೆಕ್ಕದಲ್ಲಿ 100 ಗ್ರಾಂ ಯೂರಿಯಾದಲ್ಲಿರುವ 46 ಗ್ರಾಂ ಸಾರಜನಕಕ್ಕೆ 4ರಿಂದ 5 ಗ್ರಾಂ ಗಂಧಕ ಜೊತೆಯಾಗಬೇಕು. ಇಲ್ಲದಿದ್ದರೆ ಸೂಕ್ಷ್ಮಾಣುಗಳು ಆ ಸಾರಜನಕವನ್ನು ಹಿಡಿದಿಡಲಾರವು. ಅದು ಅಮೋನಿಯಾ ಆಗಿ ರಕ್ತಕ್ಕೆ ಹೋಗಿ ಗಂಜಲದಲ್ಲಿ ಹರಿದು ಹೋಗುತ್ತದೆ.

ಗಂಧಕ ಹೆಚ್ಚಾದರೂ ತೊಂದರೆ. ಒರಟು ಮೇವು ಮುಖ್ಯವಾಗಿರುವ ದನಕ್ಕೆ ಒಟ್ಟು ಆಹಾರದಲ್ಲಿ ಶೇ 0.4, ಕೈತಿಂಡಿ (ಹಿಂಡಿ, ಬೂಸಾ, ನುಚ್ಚಿನಂಥದು) ಹೆಚ್ಚು ತಿನ್ನುವ ದನಕ್ಕೆ ಶೇ 0.3 ದಾಟಿದರೆ ಮೆಲುಕು ಚೀಲದಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚುತ್ತದೆ. ತೇಗಿನೊಂದಿಗೆ ಶ್ವಾಸಕೋಶ ಸೇರಿ ಮೆದುಳಿಗೆ ಪೆಟ್ಟು ಕೊಡುತ್ತದೆ. ದನ ಕುರುಡಾದಂತೆ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ. ಸಕ್ಕರೆ ಕಾರ್ಖಾನೆಗಳ ಸೀಮೆಯಾದ ಇಲ್ಲಿ ಇದನ್ನು ಹೇಳಲೇಬೇಕು. ಸಕ್ಕರೆ ತಯಾರಿಯಲ್ಲಿ ಗಂಧಕ ಬಳಸುವುದರಿಂದ ಕಾಕಂಬಿಯಲ್ಲಿ ಅದು ಸಾಕಷ್ಟಿರುತ್ತದೆ. ಕಾಕಂಬಿಯನ್ನು ಒಟ್ಟು ಆಹಾರದ ಹತ್ತನೇ ಒಂದು ಭಾಗದೊಳಗೆ ಇಟ್ಟುಕೊಂಡು, ಅದನ್ನು ಕೊಡುವಾಗ ಗಂಧಕದ ಪುಡಿಯನ್ನು ಬೇರೆಯಾಗಿ ಹಾಕದಿರುವುದು ಒಳ್ಳೆಯದು.

ಮೂರನೆಯದು ಉಪ್ಪು. ಅಗ್ಗದ ವಸ್ತುವಾದ್ದರಿಂದಲೋ ಏನೋ, ಕೊಟ್ಟಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿರುವುದು ಇದನ್ನೇ. ಮೆಲುಕು ಚೀಲದಲ್ಲಿ ಹುಟ್ಟುವ ಆಮ್ಲವನ್ನು ತಣಿಸುವುದು ಜೊಲ್ಲು. ದೊಡ್ಡ ಮಿಶ್ರತಳಿ ಹಸು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಸುರಿಸುತ್ತದೆ. ಅದರಲ್ಲಿರುವ ಕ್ಷಾರ ಸುಮಾರು ಒಂದು ಕಿಲೋ ಅಡುಗೆ ಸೋಡಾಕ್ಕೆ ಸಮ. ಆ ಸೋಡಾದ ಸೋಡಿಯಂ ಬರಬೇಕಾದದ್ದು ದೇಹದಲ್ಲಿರುವ ಉಪ್ಪಿನಿಂದ. ಭತ್ತದ ಹುಲ್ಲು, ಸೋಗೆ, ಸೀಮೆಹುಲ್ಲು ಎಲ್ಲದರಲ್ಲೂ ಪೊಟ್ಯಾಸಿಯಂ ಧಾರಾಳ, ಸೋಡಿಯಂ ತೀರಾ ಕಡಿಮೆ. ಉಪ್ಪು ಸಿಗದ ದನದ ಜೊಲ್ಲಿನಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಬಂದು ಕೂರುತ್ತದೆ. ಅದು ಮೆಲುಕು ಚೀಲದ ಗೋಡೆಯ ಮೂಲಕ ಮೆಗ್ನೀಸಿಯಂ ಹೀರಿಕೆಯನ್ನೂ ತಡೆಯುತ್ತದೆ. ದೊಡ್ಡ ದನಕ್ಕೆ ದಿನಕ್ಕೆ 30 ಗ್ರಾಂ ಉಪ್ಪು ಸಾಕು. ಬಿಸಿಲಿನಲ್ಲಿ ಉಳುವ, ಗಾಡಿ ಎಳೆಯುವ ಎತ್ತು ಬೆವರುವುದರಿಂದ 50 ಗ್ರಾಂ ತನಕ ಕೊಡಬಹುದು. ಕುಡಿಯುವ ನೀರು ಮಾತ್ರ ಸದಾ ಮುಂದಿರಬೇಕು. ನೀರು ಕಡಿಮೆ ಮಾಡಿ ಉಪ್ಪು ಹೆಚ್ಚಿಸಿದರೆ ಉಪ್ಪೇ ವಿಷವಾಗುತ್ತದೆ.

ಕೋಬಾಲ್ಟಿನ ಪ್ರಮಾಣ ಅತಿ ಸಣ್ಣದು, ಕೆಲಸ ದೊಡ್ಡದು. ಮೆಲುಕು ಚೀಲದ ಬ್ಯಾಕ್ಟೀರಿಯಾ ಅದರಿಂದ ಬಿ12 ಜೀವಸತ್ವ ತಯಾರಿಸುತ್ತವೆ. ಪ್ರೊಪಿಯಾನಿಕ್ ಆಮ್ಲವನ್ನು ಯಕೃತ್ತು ಸಕ್ಕರೆಯಾಗಿ ಬದಲಿಸಲು ಆ ಬಿ12 ಬೇಕು. ಕೋಬಾಲ್ಟ್ ಇಲ್ಲದ ದನದ ಹೊಟ್ಟೆಯಲ್ಲಿ ಮೇವು ಕರಗಿದರೂ ಅದರ ಫಲ ದೇಹಕ್ಕೆ ದಕ್ಕುವುದಿಲ್ಲ, ಹಸಿವು ಸತ್ತು ಹೋಗುತ್ತದೆ. ಬೇಕಾದದ್ದು ಒಂದು ಕಿಲೋ ಒಣಪದಾರ್ಥಕ್ಕೆ 0.15 ಮಿಲಿಗ್ರಾಂ, ಹೋರಿಯೊಂದಕ್ಕೆ ದಿನಕ್ಕೆ ಸುಮಾರು 1 ಮಿಲಿಗ್ರಾಂ. ಸರಿಯಾದ ಲವಣ ಮಿಶ್ರಣದ 50 ಗ್ರಾಂನಲ್ಲಿ ಇದಕ್ಕಿಂತ ಹೆಚ್ಚೇ ಇರುತ್ತದೆ.

ಕ್ಯಾಲ್ಸಿಯಂ ಜೀರ್ಣಕ್ಕೆ ನೆರವಾಗುವ ಬಗೆ ಬೇರೆ. ಮೆಲುಕು ಚೀಲ ನಿಮಿಷಕ್ಕೆ ಒಂದೆರಡು ಸಲ ಕುಗ್ಗಿ ಹಿಗ್ಗಿ ಮೇವನ್ನು ಮಗುಚುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಆ ಸ್ನಾಯು ಸೋಲುತ್ತದೆ. ಕರು ಹಾಕಿದ ಮೊದಲ ಮೂರು ದಿನಗಳಲ್ಲಿ ಬರುವ ಹಾಲುಜ್ವರದಲ್ಲಿ ಮೆಲುಕು ನಿಲ್ಲುವುದು, ಹೊಟ್ಟೆ ಉಬ್ಬುವುದು ಇದರಿಂದಲೇ. ತಾಮ್ರ, ಸತು, ಮ್ಯಾಂಗನೀಸ್ ಸೂಕ್ಷ್ಮಾಣುಗಳಿಗೆ ಬೇಕಾಗುವುದು ಚೂರೇ ಚೂರು. ದನದ ಚರ್ಮ, ಗೊರಸು, ಬೆದೆ, ರೋಗನಿರೋಧಕ ಶಕ್ತಿಗೆ ಅವು ಮುಖ್ಯ. ಜೀರ್ಣದ ದೃಷ್ಟಿಯಿಂದ ಅತಿಯಾದರೇ ಕೇಡು: ಮೆಲುಕು ಚೀಲದಲ್ಲಿ ತಾಮ್ರ, ಸತು ಹೆಚ್ಚಾಗಿ ಕರಗಿದರೆ ನಾರು ಒಡೆಯುವ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತವೆ. ಅಯೋಡಿನ್, ಸೆಲೆನಿಯಂಗಳಿಗೂ ಮೆಲುಕಿಗೂ ನೇರ ನಂಟಿಲ್ಲ.

ನಿಮ್ಮ ಗೋದಲಿಯಲ್ಲಿ ಏನಿದೆ?

ಭತ್ತದ ಹುಲ್ಲಿನಿಂದ ಶುರುಮಾಡೋಣ. ಅದರಲ್ಲಿ ಮರಳಿನಂಥ ಸಿಲಿಕಾ ಬೇರೆ ಹುಲ್ಲುಗಳಿಗಿಂತ ಬಹಳ ಹೆಚ್ಚು. ಅದು ನಾರಿನ ಮೇಲೆ ಕವಚದಂತಿದ್ದು ಬ್ಯಾಕ್ಟೀರಿಯಾ ಅಂಟಿಕೊಳ್ಳಲು ಬಿಡುವುದಿಲ್ಲ. ಯಾವ ಲವಣವೂ ಸಿಲಿಕಾವನ್ನು ತೆಗೆಯಲಾರದು. ಎರಡನೆಯ ತೊಡಕು ಆಕ್ಸಲೇಟ್. ಹುಲ್ಲಿನಲ್ಲಿರುವ ಕ್ಯಾಲ್ಸಿಯಮ್ಮನ್ನು ಅದು ಕರಗದ ಹರಳಾಗಿ ಕಟ್ಟಿಹಾಕುತ್ತದೆ. ಪ್ರಯೋಗಾಲಯದ ಪಟ್ಟಿಯಲ್ಲಿ ಕ್ಯಾಲ್ಸಿಯಂ ಕಂಡರೂ ದನಕ್ಕೆ ಸಿಗುವುದು ಅದರ ಒಂದು ಪಾಲು ಮಾತ್ರ. ರಂಜಕವಂತೂ ಶೇ 0.1ರ ಆಸುಪಾಸು. ದಿನಕ್ಕೆ ಅರ್ಧ ಕಿಲೋ ತೂಕ ಏರಬೇಕಾದ 300 ಕಿಲೋ ಹೋರಿಗೆ ಸುಮಾರು 12 ಗ್ರಾಂ ರಂಜಕ, 22 ಗ್ರಾಂ ಕ್ಯಾಲ್ಸಿಯಂ ಬೇಕು. 6 ಕಿಲೋ ಭತ್ತದ ಹುಲ್ಲು ಕೊಡುವ ರಂಜಕ 6 ಗ್ರಾಂ. ಶೇ 12 ರಂಜಕವಿರುವ ಲವಣ ಮಿಶ್ರಣವನ್ನು 50 ಗ್ರಾಂ ಹಾಕಿದರೆ ಇನ್ನು 6 ಗ್ರಾಂ ಸೇರಿ ಲೆಕ್ಕ ಸರಿಹೋಗುತ್ತದೆ. 50 ಗ್ರಾಂ ಎಂಬ ಶಿಫಾರಸಿನ ಹಿಂದೆ ಇಂಥ ಸರಳ ಗಣಿತವಿದೆ.

ಕಬ್ಬಿನ ಸೋಗೆ ಹಸಿರಾಗಿದೆ ಎಂದು ಅದನ್ನು ಹಸಿರು ಮೇವಿನ ಲೆಕ್ಕಕ್ಕೆ ಸೇರಿಸಿ ಹಿಂಡಿ ಕಡಿಮೆ ಮಾಡುವವರಿದ್ದಾರೆ. ಅದು ಸರಿಯಲ್ಲ. ಪ್ರೋಟೀನ್ ಭತ್ತದ ಹುಲ್ಲಿಗಿಂತ ಕೊಂಚ ಮೇಲು, ಅಷ್ಟೇ. ಪೊಟ್ಯಾಸಿಯಂ ಹೆಚ್ಚು, ಆಕ್ಸಲೇಟ್ ಇದೆ, ರಂಜಕ ಕಡಿಮೆ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಬರೀ ಸೋಗೆಯ ಮೇಲೆ ನಿಂತ ದನಕ್ಕೆ ಉಪ್ಪು ಮತ್ತು ಲವಣ ಮಿಶ್ರಣ ಎರಡೂ ತಪ್ಪಬಾರದು. ಸೀಮೆಹುಲ್ಲಿನಲ್ಲೂ ಆಕ್ಸಲೇಟ್ ಉಂಟು, ಎಳೆಯದರಲ್ಲಿ ಹೆಚ್ಚು. ಮೊಣಕಾಲೆತ್ತರಕ್ಕೇ ಕೊಯ್ಯದೆ ಆಳಿನ ಎದೆಮಟ್ಟ ಬಂದ ಮೇಲೆ ಕೊಯ್ದು, ಒಣಹುಲ್ಲಿನ ಜೊತೆ ಕತ್ತರಿಸಿ ಹಾಕುವುದು ಮೇಲು.

ರಾಗಿ ಹುಲ್ಲು ಇವೆಲ್ಲಕ್ಕಿಂತ ಒಳ್ಳೆಯ ಮೇವು. ಸಿಲಿಕಾ ಕಡಿಮೆ, ಕರಗುವ ಪಾಲು ಹೆಚ್ಚು, ಕ್ಯಾಲ್ಸಿಯಂ ಬೇರೆ ಒಣಹುಲ್ಲುಗಳಿಗಿಂತ ಎಷ್ಟೋ ಜಾಸ್ತಿ. ರಂಜಕ ಮಾತ್ರ ಇದರಲ್ಲೂ ಕಡಿಮೆ. ನಾಗಮಂಗಲ ಕಡೆ ರಾಗಿ ಹುಲ್ಲು ತಿನ್ನುವ ಎತ್ತಿಗೆ ಕ್ಯಾಲ್ಸಿಯಂ ಬಾಟಲಿ ತಂದು ಕುಡಿಸುವುದು ದುಡ್ಡಿನ ದಂಡ. ಅದಕ್ಕೆ ಬೇಕಾದದ್ದು ರಂಜಕ, ಉಪ್ಪು, ಜೊತೆಗೆ ಒಂದಿಷ್ಟು ಬೂಸಾ.

ಏಕೆಂದರೆ ರಂಜಕ ತುಂಬಿರುವುದು ಬೂಸಾ, ತೌಡಿನಲ್ಲಿ. ಒಂದು ಕಿಲೋ ಗೋಧಿ ಬೂಸಾದಲ್ಲಿ 10ರಿಂದ 11 ಗ್ರಾಂ, ಒಂದು ಕಿಲೋ ಅಕ್ಕಿ ತೌಡಿನಲ್ಲಿ 14 ಗ್ರಾಂ ಆಸುಪಾಸು ರಂಜಕವಿದೆ. ಅದರ ಬಹುಪಾಲು ಫೈಟೇಟ್ ರೂಪದಲ್ಲಿದ್ದು ಕೋಳಿ, ಹಂದಿಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ದನದ ಮೆಲುಕು ಚೀಲದ ಸೂಕ್ಷ್ಮಾಣುಗಳು ಮಾತ್ರ ಅದನ್ನು ಬಿಡಿಸಿಕೊಳ್ಳುತ್ತವೆ. ದಿನಕ್ಕೆ ಒಂದು ಕಿಲೋ ಬೂಸಾ ತಿನ್ನುವ ದನಕ್ಕೆ ರಂಜಕದ ಚಿಂತೆ ಬಹುಪಾಲು ತೀರಿತು.

ಇಲ್ಲಿಂದ ಲೆಕ್ಕ ತಿರುಗುತ್ತದೆ. ಅಕ್ಕಿ ಗಿರಣಿ ಹತ್ತಿರವಿರುವ ಊರುಗಳಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಎರಡು ಮೂರು ಕಿಲೋ ತೌಡು ಸುರಿಯುವುದುಂಟು. ತೌಡಿನಲ್ಲಿ ಕ್ಯಾಲ್ಸಿಯಂ ಕಿಲೋಗೆ ಒಂದು ಗ್ರಾಂ ಕೂಡ ಇರುವುದಿಲ್ಲ. ಒಟ್ಟು ಆಹಾರದಲ್ಲಿ ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ ಇರಬೇಕಾದ ಕಡೆ ಅದು ತಲೆಕೆಳಗಾಗುತ್ತದೆ. ಬೀಜ ಒಡೆದ ಎತ್ತುಗಳಲ್ಲಿ ಮೂತ್ರನಾಳ ಕಿರಿದಾಗಿರುವುದರಿಂದ ರಂಜಕದ ಹರಳುಗಳು ಕಲ್ಲಾಗಿ ಗಂಜಲ ಕಟ್ಟಿಕೊಳ್ಳುತ್ತದೆ. ಎತ್ತು ಪದೇ ಪದೇ ಬೆನ್ನು ಬಾಗಿಸಿ ತಿಣುಕಿ ತೊಟ್ಟು ತೊಟ್ಟು ಹೊಯ್ಯುತ್ತಿದ್ದರೆ ಅದೇ ದಿನ ಪಶುವೈದ್ಯರು ನೋಡಬೇಕು, ತಡವಾದರೆ ಮೂತ್ರಕೋಶ ಒಡೆಯುತ್ತದೆ. ಎಣ್ಣೆ ತೆಗೆಯದ ಹಸಿ ತೌಡಿನ ಇನ್ನೊಂದು ಕಾಟ ಅದರ ಎಣ್ಣೆ. ಶೇ 15ರಷ್ಟು ಇರುವ ಈ ಎಣ್ಣೆ ನಾರನ್ನು ಮುಚ್ಚಿ ಬ್ಯಾಕ್ಟೀರಿಯಾಗಳ ಕೆಲಸ ಕೆಡಿಸುತ್ತದೆ. ಕ್ಯಾಲ್ಸಿಯಂ ಇದ್ದರೆ ಎಣ್ಣೆಯ ಆಮ್ಲಗಳು ಅದರೊಂದಿಗೆ ಸೇರಿ ಸಾಬೂನಿನಂಥ ಕರಗದ ವಸ್ತುವಾಗಿ, ತೊಂದರೆ ಕೊಡದೆ ಮುಂದೆ ಸಾಗುತ್ತವೆ. ಹಾಗಾಗಿ ತೌಡು ಹೆಚ್ಚು ತಿನ್ನುವ ದನಕ್ಕೆ ಕ್ಯಾಲ್ಸಿಯಂ ನಿಜಕ್ಕೂ ಬೇಕು: ಲವಣ ಮಿಶ್ರಣದ ಜೊತೆಗೆ ಪಶು ಆಹಾರ ದರ್ಜೆಯ ಸುಣ್ಣಕಲ್ಲಿನ ಪುಡಿ 30ರಿಂದ 50 ಗ್ರಾಂ. ಅದಕ್ಕಿಂತ ಉತ್ತಮ ದಾರಿ ತೌಡನ್ನು ಒಂದು ಕಿಲೋಗೆ ಇಳಿಸಿ ಉಳಿದ ಜಾಗಕ್ಕೆ ಹಿಂಡಿ ತರುವುದು.

ಸುಣ್ಣದ ತಿಳಿನೀರು ಕೊಡುವ ರೂಢಿ ಹಲವು ಮನೆಗಳಲ್ಲಿದೆ. ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣ ಎರಡು ಗ್ರಾಂಗಿಂತ ಕಡಿಮೆ. ಅದರಿಂದ ಸಿಗುವ ಕ್ಯಾಲ್ಸಿಯಂ ಸುಮಾರು 0.9 ಗ್ರಾಂ. ಹತ್ತು ಲೀಟರ್ ಹಾಲು ಕೊಡುವ ಹಸು ಹಾಲಿನಲ್ಲೇ 12 ಗ್ರಾಂ ಕಳೆದುಕೊಳ್ಳುತ್ತದೆ. ತಿಳಿನೀರಿನಿಂದ ಹಾನಿಯಿಲ್ಲ, ಅದನ್ನೇ ನೆಚ್ಚಿಕೊಂಡರೆ ಕೊರತೆ ತುಂಬುವುದಿಲ್ಲ. ತಿಳಿಯಾಗದ ಸುಣ್ಣ ಮಾತ್ರ ಬಾಯಿ, ಅನ್ನನಾಳವನ್ನು ಸುಡುತ್ತದೆ.

ಕೊಡುವ ಬಗೆ

ಚೀಲ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಐಎಸ್ 1664 ಗುರುತು ನೋಡಿ. ಒಳ್ಳೆಯ ಮಿಶ್ರಣದಲ್ಲಿ ಕ್ಯಾಲ್ಸಿಯಂ ಶೇ 20ರ ಆಸುಪಾಸು, ರಂಜಕ ಶೇ 12ರ ಆಸುಪಾಸು ಇರುತ್ತದೆ. ರಂಜಕದ ಅಂಕಿ ನೋಡದೆ ಕೊಳ್ಳಬೇಡಿ. ಮಿಶ್ರಣದಲ್ಲಿ ಬೆಲೆ ಬಾಳುವುದು ರಂಜಕದ ಮೂಲವಾದ ಡೈಕ್ಯಾಲ್ಸಿಯಂ ಫಾಸ್ಫೇಟ್. ಅಗ್ಗದ ಚೀಲಗಳಲ್ಲಿ ಅದು ಕಡಿಮೆಯಾಗಿ ಸುಣ್ಣಕಲ್ಲಿನ ಪುಡಿ ಹೆಚ್ಚಿರುತ್ತದೆ. ಗೊಬ್ಬರದಂಗಡಿಯ ರಂಜಕವನ್ನು ದನಕ್ಕೆ ಹಾಕಲೇಬಾರದು, ಅದರಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರಿನ್ ಇರುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಆಯಾ ಪ್ರದೇಶದ ಮಣ್ಣು, ಮೇವು ಪರೀಕ್ಷಿಸಿ ಅಲ್ಲಿಗೆ ತಕ್ಕ ಮಿಶ್ರಣದ ಸೂತ್ರಗಳನ್ನು ರೂಪಿಸಿದೆ. ಅಂಥದು ಸಿಕ್ಕರೆ ಅದೇ ಮೇಲು, ಮೇವಿನಲ್ಲಿ ಆಗಲೇ ಇರುವ ಖನಿಜಕ್ಕೆ ದುಡ್ಡು ಕೊಟ್ಟು ಅದನ್ನೇ ಮತ್ತೆ ಸುರಿಯುವುದು ತಪ್ಪುತ್ತದೆ. ಅಮೈನೋ ಆಮ್ಲಕ್ಕೆ ಕಟ್ಟಿದ ಚಿಲೇಟೆಡ್ ಖನಿಜಗಳು ಮೆಲುಕು ಚೀಲದಲ್ಲಿ ಬೇರೆ ವಸ್ತುಗಳ ಜೊತೆ ಕಟ್ಟಿಕೊಳ್ಳುವುದು ಕಡಿಮೆ. ಬೆದೆಗೆ ಬಾರದ ಕಡಸಿಗೆ ಯೋಚಿಸಬಹುದು. ಹುಲ್ಲು ಕರಗಿಸುವ ಒಂದೇ ಉದ್ದೇಶಕ್ಕೆ ಆ ಖರ್ಚು ಬೇಡ.

ಪ್ರಮಾಣ: ಕರುವಿಗೆ ದಿನಕ್ಕೆ 20ರಿಂದ 25 ಗ್ರಾಂ, ಕಡಸು, ಹೋರಿ, ಎತ್ತು, ಬತ್ತಿದ ಹಸುವಿಗೆ 50 ಗ್ರಾಂ, ಹಾಲು ಕೊಡುವ ಹಸುವಿಗೆ ಹಾಲಿಗೆ ತಕ್ಕಂತೆ 100ರಿಂದ 200 ಗ್ರಾಂ. ಬೊಗಸೆ, ಹಿಡಿಯ ಅಂದಾಜು ಬೇಡ. ಒಂದು ಸಲ ಡೇರಿಯ ತಕ್ಕಡಿಯಲ್ಲಿ 50 ಗ್ರಾಂ ತೂಗಿ, ಒಂದು ಲೋಟಕ್ಕೆ ಸುರಿದು, ಅಲ್ಲಿಗೆ ಗೆರೆ ಹಾಕಿ ಇಟ್ಟುಕೊಂಡರೆ ವರ್ಷಪೂರ್ತಿ ಬರುತ್ತದೆ. ಕೈತಿಂಡಿ ಮನೆಯಲ್ಲೇ ಕಲೆಸುವವರು 100 ಕಿಲೋಗೆ 2 ಕಿಲೋ ಲವಣ ಮಿಶ್ರಣ, 1 ಕಿಲೋ ಉಪ್ಪು ಹಾಕಿ. ಆ ಮೂರು ಕಿಲೋವನ್ನು ಮೊದಲು ಐದಾರು ಕಿಲೋ ಬೂಸಾದಲ್ಲಿ ಕಲೆಸಿಕೊಂಡು, ಅದನ್ನು ಉಳಿದದ್ದಕ್ಕೆ ಸೇರಿಸಿ ಮಗುಚಿದರೆ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಕಾರ್ಖಾನೆಯ ಪಶು ಆಹಾರದಲ್ಲಿ ಲವಣ ಮೊದಲೇ ಸೇರಿರುತ್ತದೆ. ಅದನ್ನು ನಾಲ್ಕು ಕಿಲೋ ತಿನ್ನುವ ಹಸುವಿಗೆ ಮೇಲಿಂದ 100 ಗ್ರಾಂ ಸುರಿಯುವ ಮುನ್ನ ಚೀಲದ ಚೀಟಿ ಓದಿ ಲೆಕ್ಕ ಹಾಕಿ.

ಕಲಗಚ್ಚಿನ ಬಾನಿಗೆ ಲವಣ ಹಾಕುವುದು ಇಲ್ಲಿ ಬಹಳ ಕಡೆ ಇರುವ ಪದ್ಧತಿ. ಪುಡಿ ತಳಕ್ಕೆ ಇಳಿದು ಉಳಿಯುತ್ತದೆ, ಮೇಲಿನ ನೀರು ಕುಡಿದ ದನಕ್ಕೆ ಸಿಗುವುದಿಲ್ಲ. ಒದ್ದೆ ಮಾಡಿದ ಹಿಂಡಿ ಬೂಸಾಕ್ಕೆ ಅಂಟುವಂತೆ ಕಲೆಸಿ ಕೊಡಿ. ಮೊದಲ ವಾರ 15 ಗ್ರಾಂನಿಂದ ಶುರುಮಾಡಿ ಏರಿಸಿದರೆ ದನ ಮೂಸಿ ಬಿಡುವುದಿಲ್ಲ. ವಾರಕ್ಕೊಂದು ದಿನ ರಾಶಿಯಾಗಿ ಕೊಡುವುದು ವ್ಯರ್ಥ: ಸೂಕ್ಷ್ಮಾಣುಗಳಿಗೆ ರಂಜಕ, ಗಂಧಕ ದಿನವೂ ಬೇಕು.

ಎಲ್ಲಿ ಎಡವುತ್ತದೆ

ಚುಂಚನಕಟ್ಟೆ, ಮುಡುಕುತೊರೆ, ಬೇಬಿ ಬೆಟ್ಟದ ಜಾತ್ರೆಗಳ ಮುಂಚಿನ ತಿಂಗಳಲ್ಲಿ ಹೋರಿಗಳಿಗೆ ಹುರುಳಿ, ಜೋಳದ ನುಚ್ಚು, ರವೆ, ಬೆಲ್ಲ ಎಲ್ಲವನ್ನೂ ಒಮ್ಮೆಲೇ ಏರಿಸುತ್ತಾರೆ. ಹಬ್ಬ, ಮದುವೆಯ ಮನೆಯಿಂದ ಉಳಿದ ಅನ್ನ, ಮುದ್ದೆ ಬಕೆಟ್‌ಗಟ್ಟಲೆ ದನದ ಮುಂದೆ ಬೀಳುತ್ತದೆ. ಪಿಷ್ಟ ಬೇಗ ಹುಳಿತು ಪಿಎಚ್ 6ರ ಕೆಳಗಿಳಿದರೆ ನಾರು ಒಡೆಯುವ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ, 5ರ ಕೆಳಗಾದರೆ ದನ ಮಲಗಿಬಿಡುತ್ತದೆ. ಈ ಸ್ಥಿತಿಯಲ್ಲಿ ಲವಣ ಮಿಶ್ರಣದಿಂದ ಏನೂ ಪ್ರಯೋಜನವಿಲ್ಲ, ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ತಡೆಯುವ ದಾರಿ ಎಂದರೆ ಕೈತಿಂಡಿಯನ್ನು ಎರಡು ಮೂರು ವಾರ ತೆಗೆದುಕೊಂಡು ನಿಧಾನವಾಗಿ ಏರಿಸುವುದು, ದಿನಕ್ಕೆ ಎರಡು ಮೂರು ಬಾರಿ ಹಂಚಿ ಕೊಡುವುದು, ಕೈತಿಂಡಿಗೆ ಮುಂಚೆ ಒಣಹುಲ್ಲು ಹಾಕುವುದು. ಕೈತಿಂಡಿ ಹೆಚ್ಚು ತಿನ್ನುವ ಹೋರಿಗೆ ದಿನಕ್ಕೆ 50ರಿಂದ 70 ಗ್ರಾಂ ಅಡುಗೆ ಸೋಡಾ ಕಲೆಸಿದರೆ ಜೊಲ್ಲಿಗೆ ನೆರವಾಗುತ್ತದೆ.

ಹುಲ್ಲನ್ನು ಯೂರಿಯಾದಿಂದ ಉಪಚರಿಸುವುದು ಜೀರ್ಣಕ್ಕೆ ನಿಜವಾಗಿ ಉಪಕಾರಿ: 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡಬೇಕು. ಕೊಡುವ ಮುಂಚೆ ಹರಡಿ ಅಮೋನಿಯಾ ವಾಸನೆ ಹೋಗಲು ಬಿಡಬೇಕು. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾವನ್ನು ನೀರಿನಲ್ಲೋ ಕಲಗಚ್ಚಿನಲ್ಲೋ ಕಲಸಿ ಕೊಟ್ಟರೆ ಅರ್ಧ, ಒಂದು ಗಂಟೆಯೊಳಗೆ ದನ ನಡುಗಿ ಬಿದ್ದು ಸಾಯಬಹುದು.

ಬನ್ನೂರು ಕುರಿ ಮತ್ತು ದನ ಒಂದೇ ಕೊಟ್ಟಿಗೆಯಲ್ಲಿರುವ ಮನೆಗಳು ಮಂಡ್ಯ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ದನದ ಲವಣ ಮಿಶ್ರಣದಲ್ಲಿರುವ ತಾಮ್ರ ಕುರಿಗೆ ವಿಷ. ಕುರಿಯ ಯಕೃತ್ತು ಅದನ್ನು ಹೊರಹಾಕಲಾರದು, ತಿಂಗಳುಗಟ್ಟಲೆ ಕೂಡಿಟ್ಟುಕೊಂಡು ಒಂದು ದಿನ ಇದ್ದಕ್ಕಿದ್ದಂತೆ ರಕ್ತಕ್ಕೆ ಬಿಡುತ್ತದೆ. ಕುರಿ ಹಳದಿಯಾಗಿ, ಕೆಂಪು ಉಚ್ಚೆ ಹೊಯ್ದು ಸಾಯುತ್ತದೆ. ಚೀಲವನ್ನೂ, ದನ ನೆಕ್ಕುವ ಲವಣದ ಇಟ್ಟಿಗೆಯನ್ನೂ ಕುರಿಗೆ ಎಟುಕದ ಕಡೆ ಇಡಿ. ಕುರಿಗೆ ಬೇರೆ ಮಿಶ್ರಣ ಬರುತ್ತದೆ.

ಗಬ್ಬದ ಹಸುವಿಗೆ ಕೊನೆಯ ಎರಡು ಮೂರು ವಾರ ಕ್ಯಾಲ್ಸಿಯಂ ಬಾಟಲಿ ಕುಡಿಸುವುದು ಹಾಲುಜ್ವರ ತಡೆಯುತ್ತದೆ ಎಂಬ ನಂಬಿಕೆ ತಪ್ಪು. ಹೊರಗಿನಿಂದ ಧಾರಾಳವಾಗಿ ಸಿಗುವಾಗ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳುವ ದೇಹದ ವ್ಯವಸ್ಥೆ ಮಲಗಿರುತ್ತದೆ. ಕರು ಹಾಕಿದ ದಿನ ಹಾಲಿಗೆ ಒಮ್ಮೆಲೇ ಬೇಕಾದಾಗ ಅದು ಏಳಲು ಹೊತ್ತು ಹಿಡಿಯುತ್ತದೆ. ಆ ವಾರಗಳಲ್ಲಿ ಹೆಚ್ಚುವರಿ ಕ್ಯಾಲ್ಸಿಯಂ ನಿಲ್ಲಿಸಿ, ಕರು ಹಾಕಿದ ಮೇಲೆ ಕೊಡಬೇಕು.

ಫಲ ಸಿಕ್ಕಿತೇ ಎಂದು ನೋಡುವುದು

ಹಸಿವು ಒಂದೆರಡು ವಾರದಲ್ಲಿ ಏರಬೇಕು. ನಾರು ಕರಗುವುದು ಸುಧಾರಿಸಿತೇ ಎಂಬುದನ್ನು ಸಗಣಿ ಹೇಳುತ್ತದೆ. ಒಂದು ಚೊಂಬಿನಷ್ಟು ಹೊಸ ಸಗಣಿಯನ್ನು ಜರಡಿಗೆ ಹಾಕಿ ನೀರು ತಿಳಿಯಾಗುವ ತನಕ ತೊಳೆಯಿರಿ. ಉಳಿದ ನಾರು ಒಂದು ಸೆಂಟಿಮೀಟರಿಗಿಂತ ಉದ್ದದ ಹುಲ್ಲೇ ಆಗಿದ್ದರೆ ಮೆಲುಕು ಚೀಲದಲ್ಲಿ ಕೆಲಸ ನಡೆಯುತ್ತಿಲ್ಲ. ಲವಣ ಶುರುಮಾಡುವ ಮುಂಚೆ ಒಮ್ಮೆ, ಮೂರು ವಾರದ ಮೇಲೆ ಒಮ್ಮೆ ತೊಳೆದು ಹೋಲಿಸಿ. ಗಟ್ಟಿ ಉಂಡೆಯಾಗಿ ಬೀಳುವ ಸಗಣಿ ಪ್ರೋಟೀನ್ ಅಥವಾ ನೀರಿನ ಕೊರತೆಯನ್ನು ತೋರಿಸುತ್ತದೆ, ನೊರೆ ನೊರೆಯಾಗಿ ತೆಳ್ಳಗೆ ಹುಳಿವಾಸನೆ ಬಂದರೆ ಪಿಷ್ಟ ಹೆಚ್ಚಾಗಿದೆ.

ಮೆಲುಕನ್ನೂ ಎಣಿಸಬಹುದು. ಒಂದು ಉಂಡೆ ಬಾಯಿಗೆ ಬಂದು ನುಂಗುವ ತನಕ 50ರಿಂದ 70 ಸಲ ಜಗಿಯಬೇಕು. 40ಕ್ಕಿಂತ ಕಡಿಮೆಯಾದರೆ ಒರಟು ಮೇವು ಸಾಲದು. ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹಿಡಿದರೆ ಎರಡು ನಿಮಿಷದಲ್ಲಿ ಎರಡು ಮೂರು ಸಲ ಒಳಗಿನಿಂದ ಮುಷ್ಟಿಯನ್ನು ತಳ್ಳುವುದು ತಿಳಿಯಬೇಕು. ಕೂದಲಿನ ಹೊಳಪು, ಬೆದೆ ಸರಿಹೋಗಲು ಎರಡು ಮೂರು ತಿಂಗಳು ಹಿಡಿಯುತ್ತದೆ.

ಪ್ರೋಟೀನ್, ಉಪ್ಪು, ಲವಣ ಎಲ್ಲ ಸರಿಯಿದ್ದು ತಿಂಗಳಾದರೂ ಹಸಿವಾಗಲಿ ಸಗಣಿಯಾಗಲಿ ಬದಲಾಗದಿದ್ದರೆ, ಅದರಲ್ಲೂ ಗಂಟಲ ಕೆಳಗೆ ನೀರು ತುಂಬಿ ಜೋತುಬಿದ್ದಿದ್ದರೆ, ಹುಡುಕಬೇಕಾದದ್ದು ಹುಳು. ನಾಲೆ, ಗದ್ದೆ ಬದಿಯಲ್ಲಿ ಮೇಯುವ ದನಗಳಿಗೆ ಬಸವನಹುಳುವಿನ ಮೂಲಕ ಬರುವ ಯಕೃತ್ತಿನ ಚಪ್ಪಟೆ ಹುಳು, ಮೆಲುಕು ಚೀಲದ ಹುಳುಗಳು ಇಲ್ಲಿ ಸಾಮಾನ್ಯ. ಎಲ್ಲ ಹುಳುವಿಗೂ ಒಂದೇ ಮಾತ್ರೆ ಆಗುವುದಿಲ್ಲ. ಬೆಂಕಿಪೊಟ್ಟಣದಷ್ಟು ಹೊಸ ಸಗಣಿಯನ್ನು ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ, ವೈದ್ಯರು ಬರೆದ ಔಷಧವನ್ನು ದನದ ತೂಕಕ್ಕೆ ತಕ್ಕಷ್ಟು ಕೊಟ್ಟು, ಲವಣ ಮಿಶ್ರಣವನ್ನು ಅದರ ಜೊತೆಗೇ ಮುಂದುವರಿಸಿ.